ಸೆನ್ಸರ್ ಬೇಡ ಅಂತಲ್ಲ, ಅದು ಹೇಳಿದ್ದು ನಮಗೂ ಕೇಳಬೇಕು

ನಮ್ಮ ಕೃಷ್ಣರಾಜಪೇಟೆ ಕಡೆ ಡೀಸೆಲ್ ಎಂಜಿನ್ ಹೊಗೆ ಕಾರಿದರೆ, ಭಾರ ಎಳೆಯದೆ ಹೋದರೆ, ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗದೆ ಸತಾಯಿಸಿದರೆ ಮೆಕ್ಯಾನಿಕ್ ಬಾಯಲ್ಲಿ ಮೊದಲು ಬರುವ ಮಾತು ‘ಟೈಮಿಂಗ್ ಔಟ್ ಆಗೈತೆ’ ಅನ್ನೋದು. ಎಷ್ಟು ಔಟ್ ಆಗೈತೆ ಅಂತ ಕೇಳಿ ನೋಡಿ. ‘ಒಂಚೂರು’ ಅಂತಾನೆ. ಆ ಒಂಚೂರನ್ನು ಅಳೆಯುವ ಸಾಧನ ಲೋಕಕ್ಕೆ ಬಂದು ಎಷ್ಟೋ ವರ್ಷ ಆಯ್ತು. ನಮ್ಮ ಹೋಬಳಿಗೆ ಬಂದಿಲ್ಲ. ಹೊಸ ದೊಡ್ಡ ಟ್ರ್ಯಾಕ್ಟರುಗಳಲ್ಲಿ ಸೆನ್ಸರ್ ಎಂಜಿನ್ನಿನಲ್ಲೇ ಕೂತು ಬಂದಿದೆ, ಆದರೆ ಅದು ಹೇಳೋದು ನಮ್ಮ ಕಿವಿಗೆ ಬೀಳದ ಹಾಗೆ ಬೀಗ ಹಾಕಿದ್ದಾರೆ. ಈ ಎರಡರ ಮೇಲೂ ನನಗೆ ತಕರಾರಿದೆ.

ಟೈಮಿಂಗ್ ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ, ಗೊತ್ತಿದ್ದವರು ಮುಂದಕ್ಕೆ ಹೋಗಬಹುದು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಇದೆ. ಡೀಸೆಲ್ಲಿಗೆ ಕಿಡಿ ಇಲ್ಲ. ಪಿಸ್ಟನ್ ಮೇಲಕ್ಕೆ ಬರ್ತಾ ಗಾಳಿಯನ್ನು ಒತ್ತುತ್ತೆ, ಒತ್ತಿದ ಗಾಳಿ ಕಾಯುತ್ತೆ, ಆ ಕಾದ ಗಾಳಿಗೆ ನಾಝಲ್ಲಿನಿಂದ ಎಣ್ಣೆ ಸಿಡಿದಾಗ ತಾನಾಗೇ ಹತ್ತಿಕೊಳ್ಳುತ್ತೆ. ಎಣ್ಣೆ ಸಿಡಿದ ಕೂಡಲೇ ಹತ್ತಲ್ಲ. ಹನಿ ಒಡೆದು ಆವಿಯಾಗಿ ಗಾಳಿ ಜೊತೆ ಬೆರೆಯೋಕೆ ಒಂದು ಗಳಿಗೆ ಬೇಕು. ಅದಕ್ಕೇ ಪಿಸ್ಟನ್ ತುದಿ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಎಣ್ಣೆ ಬಿಡಬೇಕು. ಎಷ್ಟು ಮುಂಚೆ ಅನ್ನೋದನ್ನು ಫ್ಲೈವ್ಹೀಲಿನ ಸುತ್ತಿನಲ್ಲಿ ಇಷ್ಟು ಡಿಗ್ರಿ ಅಂತ ಹೇಳ್ತಾರೆ. ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಹೆಚ್ಚಾಗಿ ಕಾಣುವ ಕಿರ್ಲೋಸ್ಕರ್ ಟಿವಿ1 ಅನ್ನೋ ಒಂದೇ ಸಿಲಿಂಡರಿನ ಎಂಜಿನ್ನಿಗೆ ಅದು 23 ಡಿಗ್ರಿ. ನಮ್ಮ ಹೊಂಡದ ಮೇಲೆ ಕೂತಿರುವ ಎಂಜಿನ್ನುಗಳೂ ಅದೇ ಕುಲದವು.

ಈಗ ಲೆಕ್ಕ ಹಾಕೋಣ, ನಾನು ಓದಿದ್ದು ಏಳನೇ ಕ್ಲಾಸು, ಅಷ್ಟರಲ್ಲೇ ಬರುವ ಲೆಕ್ಕ ಇದು. ಎಂಜಿನ್ ನಿಮಿಷಕ್ಕೆ 1500 ಸುತ್ತು. ಅಂದರೆ ಸೆಕೆಂಡಿಗೆ 25 ಸುತ್ತು. ಒಂದು ಸುತ್ತಿಗೆ 360 ಡಿಗ್ರಿ, 25 ಸುತ್ತಿಗೆ 9000 ಡಿಗ್ರಿ. ಒಂದು ಡಿಗ್ರಿ ದಾಟೋಕೆ ಒಂದು ಸೆಕೆಂಡನ್ನು 9000 ಪಾಲು ಮಾಡಿ ಅದರಲ್ಲಿ ಒಂದು ಪಾಲು ಸಾಕು. ನಾವು ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಫ್ಲೈವ್ಹೀಲು ಎರಡು ಮೂರು ಸುತ್ತು ಹಾಕಿರುತ್ತೆ. ಇಂಥಾದ್ದನ್ನ ಕಿವಿಯಲ್ಲಿ ಕೇಳಿ ‘ಸರಿಹೋಯ್ತು ಬಿಡಿ ಗೌಡ್ರೆ’ ಅಂದರೆ ನಾವು ನಂಬುತ್ತೇವೆ, ನೂರೋ ಇನ್ನೂರೋ ಕೊಡುತ್ತೇವೆ, ಎಂಜಿನ್ ಮಾತ್ರ ಎಣ್ಣೆ ಕುಡಿಯುತ್ತಲೇ ಇರುತ್ತೆ.

ಹಳೇ ಮೆಕ್ಯಾನಿಕ್ಕುಗಳನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಅವರ ಕಿವಿ ದೊಡ್ಡದು. ಟೈಮಿಂಗ್ ಮುಂದೆ ಹೋದರೆ ಎಂಜಿನ್ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕಟಕ ಅನ್ನುತ್ತೆ, ಹ್ಯಾಂಡಲ್ ಹಾಕಿದರೆ ಹಿಂದಕ್ಕೆ ಒದೆಯುತ್ತೆ, ಹಾಗೇ ಓಡಿಸಿದರೆ ಬೇರಿಂಗು ಹೆಡ್ ಗ್ಯಾಸ್ಕೆಟ್ಟು ಎರಡಕ್ಕೂ ಕೇಡು. ಹಿಂದೆ ಬಿದ್ದರೆ ಸದ್ದು ಮೆತ್ತಗಿರುತ್ತೆ, ಕೇಳೋಕೆ ಹಿತವೇ, ಆದರೆ ಶಕ್ತಿ ಇರಲ್ಲ, ಸೈಲೆನ್ಸರ್ ಕೆಂಡವಾಗುತ್ತೆ, ಎಣ್ಣೆ ಪೂರಾ ಉರಿಯದೆ ಹೊಗೆಯಾಗಿ ಹೋಗುತ್ತೆ. ತೊಂದರೆ ಇರೋದು ಇಲ್ಲೇ. ಮುಂದೆ ಹೋದದ್ದು ಕಿವಿಗೆ ಕೇಳುತ್ತೆ, ಹಿಂದೆ ಬಿದ್ದದ್ದು ಕೇಳಲ್ಲ. ಸದ್ದು ಮೆತ್ತಗಾದರೆ ನಾವೂ ಸರಿಹೋಯ್ತು ಅಂದುಕೊಳ್ಳುತ್ತೇವೆ. ನಷ್ಟ ಜೇಬಿನಲ್ಲಿ ಗೊತ್ತಾಗಬೇಕು, ಅದೂ ಯಾರು ಲೆಕ್ಕ ಬರೆದಿಡುತ್ತಾರೋ ಅವರಿಗೆ.

ಗೆರೆ ನೋಡಿ ಕೂರಿಸುವ ಕ್ರಮವೂ ಇದೆ, ಇಲ್ಲವೆಂದಲ್ಲ. ಪಂಪಿನ ಮೇಲಿನ ಪೈಪು ಬಿಚ್ಚಿ, ಡೆಲಿವರಿ ವಾಲ್ವು ಸ್ಪ್ರಿಂಗು ತೆಗೆದು, ಫ್ಲೈವ್ಹೀಲನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಬಂದರೆ ಒಂದು ಕಡೆ ಎಣ್ಣೆ ತೊಟ್ಟಿಕ್ಕುವುದು ನಿಲ್ಲುತ್ತೆ. ಆಗ ಫ್ಲೈವ್ಹೀಲಿನ ಗೆರೆ ಎಲ್ಲಿದೆ ನೋಡಬೇಕು. ಸರಿಯಿಲ್ಲದಿದ್ದರೆ ಪಂಪಿನ ಅಡಿಯಲ್ಲಿರೋ ತೆಳು ಶಿಮ್ ಒಂದು ತೆಗೆದರೆ ಟೈಮಿಂಗ್ ಮುಂದಕ್ಕೆ, ಒಂದು ಹಾಕಿದರೆ ಹಿಂದಕ್ಕೆ. ಒಳ್ಳೇ ಕ್ರಮ. ಆದರೆ ಇದಕ್ಕೆ ಒಂದೊಪ್ಪತ್ತು ಬೇಕು, ಧೂಳಿಲ್ಲದ ಜಾಗ ಬೇಕು. ನಮ್ಮ ಹೊಲದ ಬದುವಿನಲ್ಲಿ ಇದನ್ನು ಮಾಡುವವರನ್ನು ನಾನು ನೋಡಿದ್ದು ಬಲು ಕಮ್ಮಿ. ಅಲ್ಲದೆ ಇದು ನಿಂತ ಎಂಜಿನ್ನಿನ ಅಳತೆ. ಓಡುವಾಗ ಸವೆದ ಕ್ಯಾಮು, ಸವೆದ ಪ್ಲಂಜರು, ಸಡಿಲ ಗೇರು ಏನು ಆಟ ಆಡುತ್ತವೋ ಅದರಲ್ಲಿ ಕಾಣಲ್ಲ.

ಓಡುವಾಗಲೇ ನೋಡುವ ಸೆನ್ಸರನ್ನು ನನಗೆ ಮೊದಲು ತೋರಿಸಿದ್ದು ಮೆಕ್ಯಾನಿಕಲ್ ಓದುತ್ತಿದ್ದ ನಮ್ಮ ಅಣ್ಣನ ಮಗ. ಬಟ್ಟೆಗೆ ಹಾಕುವ ಕ್ಲಿಪ್ಪಿನ ಹಾಗಿರುತ್ತೆ. ಪಂಪಿನಿಂದ ನಾಝಲ್ಲಿಗೆ ಹೋಗುವ ಉಕ್ಕಿನ ಪೈಪಿಗೆ ಅದನ್ನು ಕಚ್ಚಿಸುತ್ತಾರೆ. ಪಂಪು ಎಣ್ಣೆ ತಳ್ಳಿದಾಗ ಒಳಗೆ ಇನ್ನೂರು ಚಿಲ್ಲರೆ ವಾತಾವರಣದಷ್ಟು ಒತ್ತಡ, ಅದಕ್ಕೆ ಆ ಗಟ್ಟಿ ಪೈಪೂ ಕೂದಲೆಳೆಗಿಂತ ಎಷ್ಟೋ ಕಮ್ಮಿ ಉಬ್ಬಿ ಮತ್ತೆ ಕುಗ್ಗುತ್ತೆ. ಕ್ಲಿಪ್ಪಿನೊಳಗೆ ಪೀಜೋ ಅನ್ನೋ ಹರಳಿದೆ, ಅದನ್ನು ಹಿಸುಕಿದರೆ ಚೂರು ವಿದ್ಯುತ್ ಹುಟ್ಟುತ್ತೆ. (ಗ್ಯಾಸ್ ಒಲೆಗೆ ಟಕ್ ಅಂತ ಕಿಡಿ ಹಾಕುವ ಲೈಟರಿನಲ್ಲೂ ಇದೇ ಜಾತಿ ಹರಳು.) ಆ ವಿದ್ಯುತ್ತಿನಿಂದ ಒಂದು ಟಾರ್ಚು ಮಿಂಚುತ್ತೆ, ಎಣ್ಣೆ ತಳ್ಳಿದಾಗಲೆಲ್ಲ ಒಂದು ಮಿಂಚು. ಆ ಬೆಳಕನ್ನು ತಿರುಗುವ ಫ್ಲೈವ್ಹೀಲಿನ ಮೇಲೆ ಬಿಟ್ಟರೆ ಗೆರೆ ನಿಂತ ಹಾಗೆ ಕಾಣುತ್ತೆ! 1500 ಸುತ್ತು ಓಡುತ್ತಿರುವ ಚಕ್ರದ ಗೆರೆ ಕಣ್ಣ ಮುಂದೆ ನಿಂತಿರುತ್ತೆ. ಎಷ್ಟು ಡಿಗ್ರಿಯಲ್ಲಿ ನಿಂತಿದೆ ಅಂತ ಓದಿಕೊಂಡರಾಯ್ತು. ಪೈಪು ಬಿಚ್ಚುವಂತಿಲ್ಲ, ಎಣ್ಣೆ ಚೆಲ್ಲುವಂತಿಲ್ಲ, ಐದು ನಿಮಿಷದ ಕೆಲಸ.

ಇದರಲ್ಲೂ ಒಂದು ಸೂಕ್ಷ್ಮ ಇದೆ, ಅದನ್ನು ಹೇಳದಿದ್ದರೆ ಅರೆಬರೆ ಕಲಿತವರು ಕೆಡಿಸಿಬಿಡುತ್ತಾರೆ. ಪಂಪು ತಳ್ಳಿದ ಒತ್ತಡ ನಾಝಲ್ಲನ್ನು ಮುಟ್ಟೋಕೂ ಹೊತ್ತು ಬೇಕು. ಎಣ್ಣೆಯೊಳಗೆ ಅದು ಸೆಕೆಂಡಿಗೆ ಸುಮಾರು 1300-1400 ಮೀಟರ್ ಓಡುತ್ತೆ. ಅರ್ಧ ಮೀಟರಿನ ಪೈಪಾದರೆ, ಮೇಲಿನ ಲೆಕ್ಕದಂತೆ, ಅಷ್ಟರಲ್ಲಿ ಫ್ಲೈವ್ಹೀಲು ಸುಮಾರು 3 ಡಿಗ್ರಿ ದಾಟಿರುತ್ತೆ. ಕಂಪನಿ ಪುಸ್ತಕದ 23 ಡಿಗ್ರಿ ಪಂಪಿನ ಬುಡದ ಲೆಕ್ಕ. ಕ್ಲಿಪ್ಪನ್ನು ನಾಝಲ್ ಕಡೆ ಕಚ್ಚಿಸಿ, ಬೆಳಕಿನಲ್ಲಿ 20 ಕಂಡಿತು ಅಂತ ಶಿಮ್ ತೆಗೆದು 23ಕ್ಕೆ ತಂದರೆ ಸರಿಯಿದ್ದ ಎಂಜಿನ್ನನ್ನು ಮೂರು ಡಿಗ್ರಿ ಕೆಡಿಸಿದಂತೆ. ಅದಕ್ಕೆ ಕ್ಲಿಪ್ಪು ಪಂಪಿನ ಹತ್ತಿರ, ಪೈಪು ನೆಟ್ಟಗಿರುವ ಕಡೆ, ಬಣ್ಣ ಕೆರೆದು, ಒರೆಸಿ ಹಾಕಬೇಕು. ಪೈಪಿನ ದಪ್ಪಕ್ಕೆ ತಕ್ಕ ಕ್ಲಿಪ್ಪೇ ಬೇಕು, ಸಡಿಲವಾದರೆ ಸುಳ್ಳು ಹೇಳುತ್ತೆ. ಇದನ್ನೆಲ್ಲ ಅರ್ಧ ದಿನದಲ್ಲಿ ಕಲಿಸಬಹುದು.

ನಾಝಲ್ಲುಗಳ ಮಾತು ಬಂತು, ನಮ್ಮ ನಾಡಿಗೂ ಇದಕ್ಕೂ ಇರುವ ನಂಟು ಹೇಳಲೇಬೇಕು. ಜರ್ಮನಿಯ ಬಾಷ್ ಕಂಪನಿ ಡೀಸೆಲ್ ಪಂಪುಗಳನ್ನು ಸಾಲಾಗಿ ತಯಾರಿಸಲು ಶುರು ಮಾಡಿದ್ದು 1927ರಲ್ಲಿ. ಅದೇ ಮನೆಯ ಮೈಕೋ 1951ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿತು, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಬೆಳೆಯಿತು. 2008ರಲ್ಲಿ ಹೆಸರು ಬಾಷ್ ಅಂತ ಬದಲಾಯ್ತು, ಹಳಬರ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪು, ಮೈಕೋ ನಾಝಲ್ಲು. ದೇಶದ ಹೊಲಗಳಿಗೆಲ್ಲ ಎಣ್ಣೆ ಸಿಡಿಸುವ ಪಂಪು ಮಾಡಿದ ಊರು ನಮಗೆ ನಾಲ್ಕು ಗಂಟೆಯ ಬಸ್ ದಾರಿ. ಆದರೆ ಆ ಪಂಪಿನ ಟೈಮಿಂಗ್ ಅಳೆಯುವ ಕ್ಲಿಪ್ಪು ಕಿಕ್ಕೇರಿಗೋ ಸಂತೇಬಾಚಹಳ್ಳಿಗೋ ಬರಲಿಲ್ಲ.

ಇನ್ನು ಹೊಸ ಎಂಜಿನ್ನುಗಳ ವಿಷಯ. 1990ರ ದಶಕದ ಫೋಕ್ಸ್‌ವ್ಯಾಗನ್ ಟಿಡಿಐ ಅನ್ನೋ ಕಾರುಗಳಲ್ಲಿ ಒಂದು ನಾಝಲ್ಲಿನೊಳಗೇ ಸುರುಳಿ ತಂತಿ ಇಟ್ಟು, ಸೂಜಿ ಮೇಲೆದ್ದ ಗಳಿಗೆಯನ್ನೇ ಹಿಡಿಯುತ್ತಿದ್ದರು. ಅದು ನಿಜವಾದ ಸಾಕ್ಷಿ, ಎಣ್ಣೆ ಹೊರಟದ್ದನ್ನು ಕಂಡು ಹೇಳುವಂಥಾದ್ದು. 1997ರಿಂದ ಕಾರುಗಳಿಗೆ ಕಾಮನ್ ರೈಲ್ ಬಂತು. ಇದರಲ್ಲಿ ಎಣ್ಣೆಯನ್ನು ಸಾವಿರಕ್ಕೂ ಮೀರಿದ ಒತ್ತಡದಲ್ಲಿ ಒಂದು ದಪ್ಪ ಕೊಳವೆಯಲ್ಲಿ ತುಂಬಿಟ್ಟು, ಕಂಪ್ಯೂಟರ್ ಹೇಳಿದಾಗ ನಾಝಲ್ ಬಾಯಿ ತೆಗೆಯುತ್ತೆ. ಯಾವಾಗ ತೆಗೆಯಬೇಕು ಅಂತ ಕಂಪ್ಯೂಟರಿಗೆ ಹೇಳೋದು ಕ್ರ್ಯಾಂಕ್ ಸೆನ್ಸರ್. ಕ್ರ್ಯಾಂಕಿನ ಜೊತೆ ತಿರುಗುವ ಹಲ್ಲಿನ ಚಕ್ರವೊಂದಿದೆ. ಸಾಮಾನ್ಯವಾಗಿ 60 ಹಲ್ಲಿನ ಲೆಕ್ಕ, ಅದರಲ್ಲಿ ಎರಡನ್ನು ಬೇಕಂತಲೇ ಕಿತ್ತು 58 ಬಿಟ್ಟಿರುತ್ತಾರೆ. ಹಲ್ಲು ದಾಟಿದಾಗಲೆಲ್ಲ ಸೆನ್ಸರ್ ಒಂದೊಂದು ಎಣಿಸುತ್ತೆ, ಖಾಲಿ ಜಾಗ ಬಂದಾಗ ಪಿಸ್ಟನ್ ಎಲ್ಲಿದೆ ಅಂತ ತಿಳಿಯುತ್ತೆ. ಅದು ಒತ್ತುವ ಸುತ್ತೋ ಹೊಗೆ ತಳ್ಳುವ ಸುತ್ತೋ ಅಂತ ಹೇಳೋದು ಇನ್ನೊಂದು, ಕ್ಯಾಮ್ ಸೆನ್ಸರ್.

ಇಲ್ಲಿ ಗಮನಿಸಬೇಕಾದ್ದು, ಈ ಸೆನ್ಸರುಗಳು ಎಣ್ಣೆ ಸಿಡಿದದ್ದನ್ನು ನೋಡೋದೇ ಇಲ್ಲ. ಚಕ್ರವನ್ನು ನೋಡುತ್ತವೆ. ಎಣ್ಣೆ ಸಿಡಿದಿರಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ನಾಝಲ್ ಕಚ್ಚಿಕೊಂಡಿದ್ದರೆ ಅದನ್ನು ಸುತ್ತು ಬಳಸಿ ಬೇರೆ ದಾರಿಯಿಂದ ಕಂಡುಕೊಳ್ಳಬೇಕು. ‘ಕಂಪ್ಯೂಟರ್ ಇದೆ, ಎಲ್ಲಾ ಅದೇ ನೋಡಿಕೊಳ್ಳುತ್ತೆ’ ಅಂತ ಷೋರೂಮಿನವರು ಹೇಳುವಾಗ ಇದು ನೆನಪಿರಲಿ.

ಟ್ರೆಮ್ 4 ಅನ್ನೋ ಹೊಗೆ ನಿಯಮ 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ ಜಾರಿಯಾಯ್ತು. ಆ ವರ್ಗದಲ್ಲಿ ಕಾಮನ್ ರೈಲ್ ಬಂದಿದ್ದು ಹೀಗೆ. ನಮ್ಮಲ್ಲಿ ಹೆಚ್ಚಿನವು 50ರ ಒಳಗಿನವೇ, ನಮಗ್ಯಾಕೆ ಅನ್ನಬಹುದು. ಸಣ್ಣ ರೈತ ಟ್ರ್ಯಾಕ್ಟರ್ ಕೊಳ್ಳುವವನಲ್ಲ, ಬಾಡಿಗೆಗೆ ಕರೆಯುವವನು. ಬಾಡಿಗೆಗೆ ಬರೋದು ದೊಡ್ಡ ಟ್ರ್ಯಾಕ್ಟರೇ.

ನಮ್ಮೂರಲ್ಲಿ ಆದದ್ದು ಹೇಳುತ್ತೇನೆ. ರಾಗಿ ಬಿತ್ತನೆ ಹೊತ್ತು. ರಾತ್ರಿ ಬಿದ್ದ ಮಳೆಗೆ ನೆಲ ಹದವಾಗಿತ್ತು. ಬಾಡಿಗೆ ಟ್ರ್ಯಾಕ್ಟರ್ ಎರಡು ಹೊಲ ಮುಗಿಸಿ ನನ್ನ ಹೊಲಕ್ಕೆ ಇಳಿಯಿತು, ನಾಲ್ಕು ಸಾಲು ಹೊಡೆದು ಠಪ್ಪಂತ ನಿಂತಿತು. ಸೆಲ್ಫ್ ತಿರುಗುತ್ತೆ, ಎಂಜಿನ್ ಹತ್ತಲ್ಲ. ಮೀಟರಿನ ಹತ್ತಿರ ಹಳದಿ ದೀಪ. ಹೋಬಳಿಯ ಮೆಕ್ಯಾನಿಕ್ ಬಂದ, ಮೂವತ್ತು ವರ್ಷದ ಕೈ, ಎಣ್ಣೆ ಬರ್ತಾ ಐತೆ, ಗಾಳಿ ಹಿಡಿದಿಲ್ಲ ಅಂತ ಅರ್ಧ ಗಂಟೆಯಲ್ಲಿ ಹೇಳಿದ. ಮುಂದಕ್ಕೆ ಅವನ ಕೈಯಲ್ಲಿ ಏನೂ ಇಲ್ಲ. ದೀಪ ಏನು ಹೇಳುತ್ತಿದೆ ಅಂತ ಓದುವ ಯಂತ್ರ ಮಾರಿದವರ ಹತ್ತಿರ ಮಾತ್ರ. ಅವರ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದದ್ದು ನಾಲ್ಕನೇ ದಿನ. ತಂತಿ ಚುಚ್ಚಿದ, ಎರಡು ನಿಮಿಷದಲ್ಲಿ ಕ್ರ್ಯಾಂಕ್ ಸೆನ್ಸರ್ ಅಂದ. ಸೆನ್ಸರೂ ಕೆಟ್ಟಿರಲಿಲ್ಲ. ಅದರ ಪ್ಲಗ್ಗಿನೊಳಗೆ ಕೆಸರು ನೀರು ಹೋಗಿ ಪಿನ್ನು ಕಿಲುಬು ಹಿಡಿದಿತ್ತು. ಉಜ್ಜಿ ಹಾಕಿದ, ಎಂಜಿನ್ ಹತ್ತಿತು. ಅಷ್ಟರಲ್ಲಿ ನೆಲ ಆರಿ ಹೆಂಟೆಯಾಗಿತ್ತು. ನಾನೂ ಪಕ್ಕದ ಮೂವರೂ ಮುಂದಿನ ಮಳೆಗೆ ಹನ್ನೆರಡು ದಿನ ಕಾದೆವು. ಕಾಲುವೆ ನೀರಿನವನಿಗೆ ನಾಲ್ಕು ದಿನ ಅಂದರೆ ನಾಲ್ಕು ದಿನ. ಖುಷ್ಕಿಯವನಿಗೆ ಅದು ಒಂದು ಬೆಳೆ.

ಆ ದಿನ ಮೆಕ್ಯಾನಿಕ್ಕನ ಹತ್ತಿರ ಓದುವ ಯಂತ್ರ ಇದ್ದಿದ್ದರೆ ಮಧ್ಯಾಹ್ನದೊಳಗೆ ಬಿತ್ತನೆ ಮುಗಿಯುತ್ತಿತ್ತು. ಕಾರಿನಲ್ಲಾದರೆ ಪಿ 0335 ಅಂತ ನಂಬರು ಬಂದರೆ ಕ್ರ್ಯಾಂಕ್ ಸೆನ್ಸರ್ ಲೈನಿನ ತೊಂದರೆ ಅಂತ ಲೋಕಕ್ಕೆಲ್ಲ ಗೊತ್ತು, ಓದುವ ಯಂತ್ರ ಪೇಟೆಯ ಗ್ಯಾರೇಜಿನಲ್ಲೂ ಸಿಗುತ್ತೆ. ಕಾರಿನವನಿಗೆ ಇರುವ ಈ ಅನುಕೂಲ ಟ್ರ್ಯಾಕ್ಟರಿನವನಿಗೆ ಯಾಕಿರಬಾರದು?

ಕಂಪ್ಯೂಟರ್ ಬಾಗಿಲು ತೆಗೆದರೆ ಜನ ಒಳಗೆ ಕೈ ಹಾಕಿ ಟೈಮಿಂಗ್ ತಿರುಚುತ್ತಾರೆ, ಹೊಗೆ ಜಾಸ್ತಿಯಾಗುತ್ತೆ, ಎಂಜಿನ್ ಸುಡುತ್ತೆ ಅಂತ ಕಂಪನಿಗಳ ಪರವಾಗಿ ಹೇಳುವವರಿದ್ದಾರೆ. ಈ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ, ಹಳೇ ಪಂಪಿನ ಸ್ಕ್ರೂ ತಿರುಗಿಸಿ ಕರೀ ಹೊಗೆ ಬಿಡಿಸಿಕೊಂಡು ‘ಪಿಕಪ್ ಬಂತು’ ಅಂತ ಮೀಸೆ ತಿರುವಿದವರು ನಮ್ಮಲ್ಲೇ ಇದ್ದಾರೆ. ಆದರೆ ಓದೋದು ಬೇರೆ, ತಿದ್ದೋದು ಬೇರೆ. ಪಹಣಿ ನೋಡಲು ಕೊಟ್ಟರೆ ಜಮೀನು ಬರೆದುಕೊಟ್ಟಂತೆ ಆಗಲ್ಲ. ಯಾವ ಸೆನ್ಸರ್ ಏನು ಹೇಳುತ್ತಿದೆ ಅನ್ನೋದನ್ನು ಓದಲು ಬಿಡಲಿ, ತಿದ್ದುವುದಕ್ಕೆ ಬೇಕಾದರೆ ಬೀಗ ಇರಲಿ.

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕದಲ್ಲಿ ಸಾವಿರಾರು ಎಕರೆ ರೈತರೂ ಇದಕ್ಕೇ ವರ್ಷಗಟ್ಟಲೆ ಜಗಳ ಆಡಿದರು. 2023ರ ಜನವರಿಯಲ್ಲಿ ಜಾನ್ ಡೀರ್ ಕಂಪನಿ ಅಲ್ಲಿನ ರೈತ ಸಂಘಟನೆಯ ಜೊತೆ ಒಪ್ಪಂದಕ್ಕೆ ಬಂತು. ಅದೇ ವರ್ಷ ಕೊಲರಾಡೊ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕಿಗೆ ಕಾನೂನು ಮಾಡಿತು, 2024ರ ಜನವರಿಯಿಂದ ಜಾರಿಯಾಯ್ತು. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರದ ವ್ಯಾಪಾರ ಆಯೋಗವೇ ಜಾನ್ ಡೀರ್ ಮೇಲೆ ದಾವೆ ಹೂಡಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆಯೂ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದು ಆರಿಸಿಕೊಂಡ ನಾಲ್ಕು ಬಾಬತ್ತಿನಲ್ಲಿ ಕೃಷಿ ಉಪಕರಣವೂ ಒಂದು. ಆ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ಕೂಡ ತೆರೆದರು. ಪೋರ್ಟಲ್ಲಿನಲ್ಲಿ ಕಂಪನಿಯ ಫೋನ್ ನಂಬರು ಸಿಕ್ಕರೆ ನೆಲದ ಹದ ನಿಲ್ಲಲ್ಲ. ಓದುವ ಯಂತ್ರ ಊರಲ್ಲಿರಬೇಕು.

ನಮ್ಮ ಹಾಲಿನ ಡೇರಿ ನೋಡಿ. ಮೊದಲು ಹಾಲನ್ನು ಕಣ್ಣಂದಾಜಿನಲ್ಲಿ ತೆಳ್ಳಗೈತೆ, ನೀರು ಬಿದ್ದೈತೆ ಅನ್ನೋರು. ದಿನವೂ ಜಗಳ. ಫ್ಯಾಟ್ ನೋಡುವ ಮೆಷಿನ್ ಬಂತು, ಜೊತೆಗೆ ಚೀಟಿಯೂ ಬಂತು. ಚೀಟಿ ಕೈಗೆ ಸಿಗುವುದರಿಂದ ನಾವು ಮೆಷಿನ್ನನ್ನು ನಂಬಿದೆವು. ಅದೇ ಮೆಷಿನ್ ಡೇರಿಯವರಿಗೆ ಮಾತ್ರ ಅಂಕಿ ತೋರಿಸುತ್ತಿದ್ದರೆ ನಂಬುತ್ತಿದ್ದೆವಾ? ಟ್ರ್ಯಾಕ್ಟರಿನ ಸೆನ್ಸರಿಗೂ ಅಂಥ ಚೀಟಿ ಬೇಕು ಅನ್ನೋದಷ್ಟೇ ನನ್ನ ಕೇಳಿಕೆ.

ಮಾಡಲು ದಾರಿಯೂ ಇದೆ. 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿಗಳಲ್ಲಿವೆ. ಅದೇ ಹೊತ್ತಿಗೆ ಬಂದ ಕೃಷಿಭಾಗ್ಯದಲ್ಲಿ ಹೊಂಡ ತೆಗೆದವರಿಗೆ ನೀರೆತ್ತಲು ಡೀಸೆಲ್ ಪಂಪ್‌ಸೆಟ್ಟೂ ಸಿಕ್ಕಿತು. ಎಂಜಿನ್ ಕೊಡುವಾಗ ಸಬ್ಸಿಡಿ ಇತ್ತು, ಅದರ ಟೈಮಿಂಗ್ ನೋಡಲು ಏನೂ ಇಲ್ಲ. ಪ್ರತಿ ಯಂತ್ರಧಾರೆಯಲ್ಲಿ ಒಂದು ಕ್ಲಿಪ್ ಸೆನ್ಸರು, ಒಂದು ಮಿಂಚು ಟಾರ್ಚು, ಒಂದು ಓದುವ ಯಂತ್ರ ಇಟ್ಟು ಬಾಡಿಗೆಗೆ ಕೊಡಲಿ. ಡೀಸೆಲ್ ಲೀಟರಿಗೆ 90 ರೂಪಾಯಿ ಆಸುಪಾಸಿನಲ್ಲಿರುವಾಗ ಬಾಡಿಗೆ ಕೊಡಲು ಯಾರೂ ಹಿಂದೆ ಮುಂದೆ ನೋಡಲ್ಲ. ಕೆ.ಆರ್.ಪೇಟೆಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಹುಡುಗರು ಹೇಮಗಿರಿ ಜಾತ್ರೆಯಲ್ಲಿ ದನಗಳ ಪಕ್ಕ ಒಂದು ಪೆಂಡಾಲು ಹಾಕಿ, ಹಳ್ಳಿ ಮೆಕ್ಯಾನಿಕ್ಕುಗಳನ್ನು ಕರೆದು ಕ್ಲಿಪ್ಪು ಹಾಕೋದು ಹೇಗೆ, ಆ ಮೂರು ಡಿಗ್ರಿ ಕಳೆಯೋದು ಹೇಗೆ ಅಂತ ತೋರಿಸಲಿ. ಹುಡುಗರಿಗೂ ಕಿವಿಯಲ್ಲಿ ಎಂಜಿನ್ ಕೇಳೋದನ್ನು ನಮ್ಮ ಮೆಕ್ಯಾನಿಕ್ಕುಗಳು ಕಲಿಸಬಹುದು, ಪುಸ್ತಕದಲ್ಲಿ ಅದು ಇಲ್ಲ.

ಸರ್ಕಾರ ಮಾಡುವವರೆಗೆ ಕಾಯುವ ಬದಲು ನಮ್ಮೂರಿನ ಎಂಟು ಹತ್ತು ಎಂಜಿನ್ ಇರುವವರು ಸೇರಿ ಕ್ಲಿಪ್ಪು ಟಾರ್ಚು ತರಿಸೋಣ ಅಂತ ಮಾತಾಡಿದ್ದೇವೆ. ನಮ್ಮ ಎಂಜಿನ್ನುಗಳ ಪೈಪು ಹೆಚ್ಚಿನವು 6 ಮಿಲಿಮೀಟರಿನವು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ಕಡೆಯ ಓದುಗರಲ್ಲಿ ಯಾರಾದರೂ ಇಂಥಾದ್ದನ್ನು ತರಿಸಿ ಬಳಸಿದ್ದರೆ ಎಲ್ಲಿ ಸಿಕ್ಕಿತು, ಎಷ್ಟು ಬಿತ್ತು, ಒಂದೇ ಸಿಲಿಂಡರಿನ ಎಂಜಿನ್ನಿಗೆ ಸರಿಯಾಗಿ ಹೇಳುತ್ತಾ ಅಂತ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಮುಂಗಾರು ಬಿತ್ತನೆಗೆ ಮುಂಚೆ ತಿಳಿದರೆ ಒಳ್ಳೇದು.